ಮಂಚದ ಕೆಳಗಿನ ಠೇವಣಿ

ಬ್ಯಾಡಗಿಯಲ್ಲಿ ಹುಟ್ಟಿದವರಿಗೆಲ್ಲ ಒಂದು ಸೊಕ್ಕು ಇರುತ್ತದೆ. ಮೆಣಸಿನಕಾಯಿಯ ಮಾತು ಬಂತೆಂದರೆ ನಮಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಎಂಬ ಸೊಕ್ಕು. ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮೂರ ಮಂದಿಯ ಮಾತಿಗೆ ಖಾರ ಜಾಸ್ತಿ, ಬಣ್ಣವೂ ಕಡಿಮೆಯೇನಲ್ಲ. ಈ ಗುಣಗಳನ್ನೆಲ್ಲ ಗಂಟು ಕಟ್ಟಿಕೊಂಡೇ ನಾನು ಹಾವೇರಿಗೆ ಎಂ.ಕಾಂ. ಓದಲು ಹೋದೆ. ಹಾಸ್ಟೆಲ್ಲಿನ ಊಟಕ್ಕೆ ಕುಳಿತಾಗ ಸಾರಿನ ಬಣ್ಣ ನೋಡಿ, "ಇದು ನಮ್ಮ ಕಡೆ ಕಾಯಿ ಅಲ್ಲ ಬಿಡ್ರಿ" ಎಂದು ತೀರ್ಪು ಕೊಡುವುದು ನನ್ನ ಕೆಲಸವಾಗಿತ್ತು. ಯಾರೂ ಕೇಳುತ್ತಿರಲಿಲ್ಲ, ಆದರೂ ಕೊಡುತ್ತಿದ್ದೆ.

ಖರೆ ಹೇಳಬೇಕೆಂದರೆ, ನಾನು ಅಲ್ಲಿಯವರೆಗೆ ಒಂದು ಹಿಡಿ ಮೆಣಸಿನಕಾಯಿಯನ್ನೂ ಸರಿಯಾಗಿ ಮುಟ್ಟಿದವಳಲ್ಲ. ಅವ್ವ ಮುಟ್ಟಗೊಟ್ಟಿರಲಿಲ್ಲ. ಅವಳು ನಾನು ಸಣ್ಣವಳಿದ್ದಾಗಿನಿಂದ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಹತ್ತಿಪ್ಪತ್ತು ಹೆಂಗಸರು ರಾಶಿಯ ಸುತ್ತ ಕುಳಿತು, ಒಂದೊಂದೇ ಕಾಯಿ ಎತ್ತಿ ತೊಟ್ಟು ಮುರಿದು ಈಚೆ ಹಾಕುತ್ತಾರೆ. ಸಂಜೆ ತೂಗಿ, ಕಿಲೋಕ್ಕೆ ಇಷ್ಟೆಂದು ಕೂಲಿ. ಅವಳು ಮನೆಗೆ ಬಂದು ಸೆರಗು ಒದರಿದರೆ ಬೆಕ್ಕೂ ಸೀನುತ್ತಿತ್ತು. ಓಣಿಯ ನನ್ನ ವಾರಿಗೆಯ ಹುಡುಗಿಯರೆಲ್ಲ ಬೇಸಿಗೆ ರಜೆಯಲ್ಲಿ ತಾಯಂದಿರ ಜೊತೆ ಗೋದಾಮಿಗೆ ಹೋಗಿ, ಬಂದ ಕೂಲಿಯಲ್ಲಿ ಕ್ಲಿಪ್ಪು, ಚಪ್ಪಲಿ ಕೊಳ್ಳುತ್ತಿದ್ದರು. ನನಗೆ ಮಾತ್ರ ಕಟ್ಟಪ್ಪಣೆ.

"ನೀ ಕಲ್ತು ಮುಗಸೋತನಾ ಮೆಣಸಿನಕಾಯಿ ಮುಟ್ಟಬ್ಯಾಡ. ಮುಟ್ಟಿದಿ ಅಂದ್ರ ನಾ ಇಷ್ಟ ವರ್ಷ ಕುಂತಿದ್ದು ದಂಡ."

ಆ ಹುಡುಗಿಯರ ಕ್ಲಿಪ್ಪು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವ್ವನ ಅಪ್ಪಣೆ ನನಗೆ ಪ್ರೀತಿಯಂತೆ ಕಾಣುತ್ತಿರಲಿಲ್ಲ, ಜಿಪುಣತನದಂತೆ ಕಾಣುತ್ತಿತ್ತು.

ಅವ್ವನದು ಇನ್ನೊಂದು ವಿಚಿತ್ರ ಇತ್ತು. ಅಪ್ಪನಿಗೂ ನನಗೂ ಹಂಚಿನ ಮೇಲಿಂದ ಬಿಸಿ ರೊಟ್ಟಿ ಹಾಕಿ, ಹೊಗೆಯಾಡುವ ಪಲ್ಯ ಬಡಿಸಿ, ತಾನು ಮಾತ್ರ ಎಲ್ಲ ಆರಿ ತಣ್ಣಗಾದ ಮೇಲೆ ಮೊಸರು ಹಾಕಿಕೊಂಡು ಉಣ್ಣುತ್ತಿದ್ದಳು. "ನಿಮ್ಮವ್ವಗ ಬಿಸೀದು ಸೇರೂದಿಲ್ಲ ನೋಡು, ತಂಗಳ ಮಹಾರಾಣಿ" ಎಂದು ಅಪ್ಪ ನಗುತ್ತಿದ್ದ. ಅಪ್ಪನದು ಸೈಕಲ್ ರಿಪೇರಿ ಅಂಗಡಿ, ಅವನ ನಗೆ ಪಂಕ್ಚರ್ ಆದದ್ದನ್ನು ನಾನು ಕಂಡಿಲ್ಲ. ನಾನೂ ಅವನ ಜೊತೆ ಸೇರಿ ತಂಗಳ ಮಹಾರಾಣಿ ಎಂದು ಕಾಡುತ್ತಿದ್ದೆ. ಅವ್ವ ಇನ್ನಷ್ಟು ಮೊಸರು ಹಾಕಿಕೊಳ್ಳುತ್ತಿದ್ದಳು.

ಹಾಸ್ಟೆಲ್ಲಿನ ಖೋಲಿಯಲ್ಲಿ ನನ್ನ ಜೊತೆ ಇದ್ದವಳು ರಾಣೆಬೆನ್ನೂರಿನ ಹುಡುಗಿ. ಅವಳ ಅಪ್ಪನದು ಬಳೆ ಅಂಗಡಿ. ಅವಳು ಬರುವಾಗ ಖಾಲಿ ಬಳೆ ಡಬ್ಬಿಗಳನ್ನು ತಂದಿದ್ದಳು, ಒಟ್ಟು ಐದು. ಒಂದರ ಮೇಲೆ 'ಚಹಾ' ಎಂದು ಬರೆದಿತ್ತು, ಒಂದರ ಮೇಲೆ 'ಝೆರಾಕ್ಸ್', ಒಂದರ ಮೇಲೆ 'ಫೋನು', ಒಂದರ ಮೇಲೆ 'ಜ್ವರ'. ಐದನೆಯದರ ಮೇಲೆ 'ಮುಟ್ಟಬ್ಯಾಡ' ಎಂದಿತ್ತು. ತಿಂಗಳ ಮೊದಲ ದಿನ ಎಟಿಎಂನಿಂದ ನೋಟು ತಂದು ಡಬ್ಬಿಗಳಿಗೆ ಹಂಚುತ್ತಿದ್ದಳು.

"ಈಗಿನ ಕಾಲದಾಗ ಯಾರರ ಹಿಂಗ ನೋಟ ಇಡ್ತಾರೇನು? ಎಲ್ಲಾ ಫೋನಿನ್ಯಾಗ ಐತಿ" ಎಂದೆ ನಾನು.

"ಫೋನಿನ್ಯಾಗಿಂದ ಹೋದ್ರ ಹೋಗಿದ್ದ ಗೊತ್ತಾಗೂದಿಲ್ಲ. ಡಬ್ಬಿ ಖಾಲಿ ಆದ್ರ ಅಲ್ಲಾಡ್ಸಿದ್ರ ಸಪ್ಪಳ ಬರೂದಿಲ್ಲ ನೋಡು, ಆವಾಗ ಗೊತ್ತಾಗತೈತಿ" ಎಂದಳು.

ನಾನು ನಕ್ಕೆ. ನಾನು ಎಂ.ಕಾಂ., ಅವಳು ಕನ್ನಡ ಎಂ.ಎ. ಹಣಕಾಸಿನ ವಿಷಯದಲ್ಲಿ ಅವಳಿಂದ ಕಲಿಯುವುದೇನಿದೆ? ತಿಂಗಳ ಇಪ್ಪತ್ತನೆಯ ತಾರೀಖಿಗೆ ನನ್ನ ಕೈ ಖಾಲಿಯಾದ ಮೇಲೆ ಮಾತ್ರ ಅವಳ ಚಹಾದ ಡಬ್ಬಿಯಿಂದ ನಾನೂ ಚಹಾ ಕುಡಿಯುತ್ತಿದ್ದೆ.

ಕೊನೆಯ ವರ್ಷದ ಫೆಬ್ರುವರಿಯಲ್ಲಿ ನನ್ನ ವಿದ್ಯಾರ್ಥಿವೇತನ ಒಮ್ಮೆಲೇ ಬಂತು. ಎಂಟು ಸಾವಿರ. ಅವ್ವನಿಗೆ ಫೋನು ಮಾಡಿ ಹೇಳಿದೆ. "ಅದು ನಿನ್ನ ಪರೀಕ್ಷೆ ಫೀ. ಅಲ್ಲೇ ಇರಲಿ, ಕೈ ಹಚ್ಚಬ್ಯಾಡ" ಎಂದಳು. ಆದರೆ ಅದೇ ವಾರ ಹೂಡಿಕೆಯ ಪಾಠ ಮಾಡುವ ಸರ್, ಸುಮ್ಮನೆ ಬಿದ್ದಿರುವ ಹಣ ದಿನದಿನವೂ ಸವೆಯುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಆ ಗೆರೆ ಕೆಳಕ್ಕೆ ಇಳಿಯುತ್ತಿದ್ದುದನ್ನು ನೋಡಿ ನನಗೆ ಸಂಕಟವಾಯಿತು. ನನ್ನ ಎಂಟು ಸಾವಿರ ಅಲ್ಲೇ ಕಣ್ಣೆದುರಿಗೆ ಸವೆದಂತಾಯಿತು.

ಬೇರೆ ಊರಿನ ಹುಡುಗಿಯಾಗಿದ್ದರೆ ಬ್ಯಾಂಕಿಗೆ ಹೋಗುತ್ತಿದ್ದಳು, ಇಲ್ಲವೆ ಕಿವಿಗೊಂದು ಗುಂಡು ಬಂಗಾರ ಕೊಳ್ಳುತ್ತಿದ್ದಳು. ನನಗೆ ಹೊಳೆದದ್ದು ಮೆಣಸಿನಕಾಯಿ. ಸುಗ್ಗಿಯಲ್ಲಿ ಮಾಲು ಹೆಚ್ಚು ಬರುತ್ತದೆ, ದರ ಇಳಿಯುತ್ತದೆ. ಮಳೆಗಾಲಕ್ಕೆ ಏರುತ್ತದೆ. ನಮ್ಮೂರಿನ ಸಣ್ಣ ಮಕ್ಕಳಿಗೂ ಇದು ಗೊತ್ತು. ಅಗಡಿಯ ಒಬ್ಬ ಸಹಪಾಠಿಯ ಮನೆಯಲ್ಲಿ ಮೆಣಸಿನಕಾಯಿ ಬೆಳೆದಿದ್ದರು. ಎಲ್ಲ ಹಣವನ್ನೂ ಒಂದೇ ಕಡೆ ಹಾಕಬಾರದು ಎಂದು ಸರ್ ಮುಂದಿನ ಪಾಠದಲ್ಲಿ ಹೇಳಿದರಂತೆ. ಆ ದಿನ ನಾನು ಕ್ಲಾಸಿನಲ್ಲಿ ಇರಲಿಲ್ಲ. ಚೀಲ ನೋಡಲು ಅಗಡಿಗೆ ಹೋಗಿದ್ದೆ.

ಅಂಗಳದಲ್ಲಿ ರಾಶಿ ಕೆಂಪಗೆ ಹರಡಿತ್ತು. ನಾನು ದೊಡ್ಡ ದಲಾಲಿಯಂತೆ ಒಂದು ಕಾಯಿ ಎತ್ತಿ, ಬಿಸಿಲಿಗೆ ಹಿಡಿದು, ಬಣ್ಣ ನೋಡಿ ತಲೆ ಆಡಿಸಿದೆ. ಹಿಡಿಯಲ್ಲಿ ಒತ್ತಿದರೆ ಮೆತ್ತಗಿತ್ತು. "ಛಲೋ ಐತಿ, ಮುರಿಯೂದಿಲ್ಲ" ಎಂದೆ. ಸಹಪಾಠಿಯ ಅಣ್ಣ, "ನೀವು ಬ್ಯಾಡಗಿಯವ್ರು, ನಿಮಗ ನಾವೇನ್ ಹೇಳೂದ್ರಿ" ಎಂದ. ಆ ಮಾತಿಗೇ ನಾನು ಇನ್ನೂ ಐನೂರು ಕೊಡುತ್ತಿದ್ದೆನೇನೋ. ಮೂವತ್ತು ಕಿಲೋದ ಚೀಲ, ಕಿಲೋಕ್ಕೆ ಇನ್ನೂರರಂತೆ ಆರು ಸಾವಿರ. ಫೋನು ತೋರಿಸಿದೆ, ಟಿಣ್ ಎಂದಿತು, ಹೋಯಿತು. ಗೆಳತಿ ಹೇಳಿದಂತೆ, ಹೋಗಿದ್ದು ಗೊತ್ತೇ ಆಗಲಿಲ್ಲ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಇಡುವಂತಿರಲಿಲ್ಲ. ಅಲ್ಲಿನ ಹಮಾಲರೆಲ್ಲ ಅವ್ವನ ಪರಿಚಯದವರು, ಚೀಲ ಒಳಗೆ ಹೋಗುವ ಮೊದಲೇ ಸುದ್ದಿ ಮನೆಗೆ ಹೋಗುತ್ತಿತ್ತು. ಹಾಗಾಗಿ ಹಾಸ್ಟೆಲ್ಲಿಗೇ ತರುವುದೆಂದಾಯಿತು. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟು ಪುಕ್ಕಟೆ ಎಂದು ಧೈರ್ಯವಾಗಿ ಚೀಲ ಹತ್ತಿಸಿದೆ. ಕಂಡಕ್ಟರ್ ಚೀಲವನ್ನು ನೋಡಿ, ನನ್ನನ್ನು ನೋಡಿ, "ನೀವು ಪುಕ್ಕಟೆ. ಇದು ಪುಕ್ಕಟೆ ಅಲ್ರಿ. ಇದರ ಹೆಸರಿಲೆ ಆಧಾರ್ ಕಾರ್ಡ್ ಐತೇನು?" ಎಂದ. ಬಸ್ಸೆಲ್ಲ ನಕ್ಕಿತು. ಲಗೇಜಿನ ದುಡ್ಡು, ನಿಲ್ದಾಣದಿಂದ ಆಟೋದ ದುಡ್ಡು, ಎರಡೂ ಕೊಟ್ಟು ಚೀಲವನ್ನು ಮಂಚದ ಕೆಳಗೆ ದೂಡಿದೆ.

"ಇದೇನ ಸಾವ್ಕಾರ್ತಿ?" ಗೆಳತಿ ಕೇಳಿದಳು.

"ಠೇವಣಿ" ಎಂದೆ.

"ಠೇವಣಿ ನಾತ ಹೊಡಿಯಾಕತ್ತೇತಲ್ಲ?"

ಎರಡನೆಯ ದಿನಕ್ಕೆ ಅವಳು ಸೀನಿದಳು. ಒಂದು ವಾರಕ್ಕೆ ಎದುರಿನ ಖೋಲಿಯವರು ಸೀನಿದರು. ಮಾರ್ಚಿನ ಬಿಸಿಲು ಏರಿ ಫ್ಯಾನು ಜೋರು ತಿರುಗತೊಡಗಿದ ಮೇಲೆ ನಮ್ಮ ಸಾಲಿನ ಆರೂ ಖೋಲಿಗಳು ಸೀನಿದವು. ವಾರ್ಡನ್ ಮೇಡಂ ಇದು ಹವಾಮಾನದ ತೊಂದರೆ ಎಂದು ನಂಬಿ ಎಲ್ಲರಿಗೂ ಬಿಸಿನೀರು ಕುಡಿಯಲು ಹೇಳಿದರು. ನಾನೂ ಮುಖ ಗಂಭೀರ ಮಾಡಿಕೊಂಡು ಕುಡಿದೆ. ರಾತ್ರಿ ಮಲಗಿದಾಗ ಕೆಳಗೆ ನನ್ನ ಸಂಪತ್ತು ಬೆಳೆಯುತ್ತಿದೆ ಎಂಬ ಸಮಾಧಾನ. ಲಾಭದಲ್ಲಿ ಏನೇನು ಕೊಳ್ಳಬೇಕೆಂದು ಪಟ್ಟಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗೆಳತಿ ಚುಚ್ಚಿದಳು. ಉಳಿದ ಎರಡು ಸಾವಿರ ಮಾತ್ರ ಗಿರ್ಮಿಟ್ಟು, ಮಿರ್ಚಿ, ಒಬ್ಬಳ ಮದುವೆಯ ಉಡುಗೊರೆ ಎಂದು ಅದರಷ್ಟಕ್ಕೆ ಅದೇ ನಡೆದುಹೋಯಿತು.

ಏಪ್ರಿಲ್ ಎರಡನೆಯ ವಾರದಲ್ಲಿ ನೋಟೀಸು ಬೋರ್ಡಿಗೆ ಒಂದು ಹಾಳೆ ಬಿತ್ತು. ಪರೀಕ್ಷಾ ಶುಲ್ಕ, ಪ್ರಾಜೆಕ್ಟಿನದು, ಅದೂ ಇದೂ ಸೇರಿ ಐದು ಸಾವಿರದ ಇನ್ನೂರು. ಕಟ್ಟಲು ಎಂಟು ದಿನ. ಕಟ್ಟದಿದ್ದರೆ ಹಾಲ್ ಟಿಕೆಟ್ಟಿಲ್ಲ, ಒಂದು ವರ್ಷ ಹೋಯಿತು. ನನ್ನ ಫೋನಿನಲ್ಲಿ ಮುನ್ನೂರು ರೂಪಾಯಿ ಇತ್ತು. ಮಳೆಗಾಲ ಇನ್ನೂ ಎರಡು ತಿಂಗಳು ದೂರ ಇತ್ತು.

ನನಗೆ ಅಂದು ನಿಜವಾಗಿಯೂ ಹೆದರಿಕೆಯಾಯಿತು. ಅವ್ವನನ್ನು ಕೇಳಿದರೆ ಅವಳು ಹೇಗಾದರೂ ತಂದು ಕೊಡುತ್ತಿದ್ದಳು. ಆದರೆ ಫೀ ಎಲ್ಲಿ ಹೋಯಿತು ಎಂದು ಕೇಳಿದರೆ ಮೆಣಸಿನಕಾಯಿಗೆ ಎಂದು ಹೇಳುವ ಬಾಯಿ ನನಗಿರಲಿಲ್ಲ. ಗೆಳತಿ ತನ್ನ 'ಮುಟ್ಟಬ್ಯಾಡ' ಡಬ್ಬಿಯನ್ನು ತೆಗೆದು ನನ್ನ ಮುಂದೆ ಸುರಿದಳು. ಒಂಬೈನೂರು ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ವಾಪಸು ತುಂಬಿಟ್ಟೆ.

"ಹಂಗಾರ ಠೇವಣಿ ಮುರಿ" ಎಂದಳು.

ಕೆಳಗಿನಿಂದ ಚೀಲ ಎಳೆದೆವು. ಬರುವಾಗ ಇಬ್ಬರು ಹಿಡಿದು ಎತ್ತಿದ ಚೀಲ ಈಗ ಸಲೀಸಾಗಿ ಬಂತು. ಅಡುಗೆಮನೆಯ ತಕ್ಕಡಿಗೆ ಇಟ್ಟು ನೋಡಿದರೆ ಇಪ್ಪತ್ತಾರು ಕಿಲೋ ಇತ್ತು. ನಾಲ್ಕು ಕಿಲೋ ಎಲ್ಲಿ ಹೋಯಿತು ಎಂದು ನಾನು ಚೀಲವನ್ನು ಸುತ್ತ ತಿರುಗಿಸಿ ತೂತು ಹುಡುಕಿದೆ. ತೂತು ಇರಲಿಲ್ಲ. ಮೇಲಿನ ಕಾಯಿಗಳ ಬಣ್ಣವೂ ಸ್ವಲ್ಪ ಇಳಿದಿತ್ತು. ಬ್ಯಾಂಕಿನಲ್ಲಿ ಸವೆಯುತ್ತದೆಂದು ಹೆದರಿ ತಂದ ಹಣ ಮಂಚದ ಕೆಳಗೆ ಇನ್ನೂ ಲಗೂ ಸವೆದಿತ್ತು.

ಬ್ಯಾಡಗಿ ಪೇಟೆಗೆ ಒಯ್ಯುವ ಹಾಗಿರಲಿಲ್ಲ. ಆಗ ನಮ್ಮನ್ನು ಕಾಪಾಡಿದ್ದು ಏಪ್ರಿಲ್ ತಿಂಗಳು. ನಮ್ಮ ಕಡೆ ಬೇಸಿಗೆಯಲ್ಲಿ ಮನೆಮನೆಗೂ ವರ್ಷದ ಮಸಾಲೆಖಾರ ಮಾಡಿಸುವ ಗಡಿಬಿಡಿ. ಹಾಸ್ಟೆಲ್ಲಿನ ಅಡುಗೆಯವ್ವ ಒಂದು ಕಾಯಿ ಮೂಸಿ ನೋಡಿ, "ಮೂರ ಕಿಲೋ ನನಗ ಹಾಕು. ಆದ್ರ ತೊಟ್ಟ ಬಿಡಿಸಿ ಕೊಡಬೇಕವಾ, ನನಗ ಎಲ್ಲಿ ಪುರಸೊತ್ತೈತಿ" ಎಂದಳು. ತೊಟ್ಟು ಬಿಡಿಸಿದರೆ ಕಿಲೋಕ್ಕೆ ಇನ್ನೂರ ಎಪ್ಪತ್ತು ಎಂದು ನಾನು ದರ ಹೇಳಿದೆ. ಒಪ್ಪಿದಳು.

ಮೂರು ಸಂಜೆ ನಾನೂ ಗೆಳತಿಯೂ ನೆಲದ ಮೇಲೆ ಕುಳಿತೆವು. ಮೊದಲ ಅರ್ಧ ತಾಸು ಆಟದಂತಿತ್ತು. ಆಮೇಲೆ ಬೆರಳ ತುದಿ ಚುರುಗುಟ್ಟಿತು, ಆಮೇಲೆ ಉರಿಯಿತು. ಮರೆತು ಕಣ್ಣು ಒರೆಸಿಕೊಂಡ ಗೆಳತಿ ಉರ್ದುವಿನಲ್ಲಿ ನನ್ನನ್ನು ಬೈದದ್ದು ನನಗೆ ತಿಳಿಯಲಿಲ್ಲ, ತಿಳಿಯದ್ದೇ ಒಳ್ಳೆಯದಾಯಿತು. ಕೈ ತೊಳೆದರೆ ಹೋಗುವ ಉರಿಯಲ್ಲ ಅದು. ಮರುದಿನ ಪೆನ್ನು ಹಿಡಿದರೂ ಉರಿ, ಬಿಸಿ ಚಹಾದ ಲೋಟ ಹಿಡಿದರೆ ಜೀವ ಹೋದಂತೆ. ತೊಟ್ಟು ಹೋಗಿ ಉಳಿದದ್ದು ಇಪ್ಪತ್ತನಾಲ್ಕು ಕಿಲೋ.

ಅಡುಗೆಯವ್ವ ಮೂರು ಕಿಲೋ ಒಯ್ದಳು. ಸೀನಿನ ಗುಟ್ಟು ತಿಳಿದ ವಾರ್ಡನ್ ಮೇಡಂ ಬೈಯುತ್ತಲೇ ಒಂದು ಕಿಲೋ ಒಯ್ದರು. ಎರಡು ಕಿಲೋ ಒಯ್ದವರು ಹೂಡಿಕೆಯ ಪಾಠದ ಸರ್. ಅವರ ಮನೆಯವರು ಹೇಳಿ ಕಳಿಸಿದ್ದರಂತೆ. ಚೌಕಾಸಿ ಮಾಡಿ ಇನ್ನೂರ ಐವತ್ತಕ್ಕೆ ಕೇಳಿದರು, ನಾನು ಬಿಡಲಿಲ್ಲ. "ಒಳ್ಳೇ ಹೂಡಿಕೆ ಮಾಡೀಯವಾ" ಎಂದು ಹೊಗಳಿ ಹೋದರು. ಉಳಿದ ಹದಿನೆಂಟು ಕಿಲೋ ರವಿವಾರ ರಾಣೆಬೆನ್ನೂರಿನ ಬಳೆ ಅಂಗಡಿಗೆ ಹೋಯಿತು. ಮದುವೆ ಸೀಜನ್ನು, ಅಂಗಡಿ ತುಂಬ ಹೆಂಗಸರು. ಗೆಳತಿಯ ಅಮ್ಮ ಬಳೆ ತೊಡಿಸುತ್ತ, ಕೈ ಬಿಡಿಸಿಕೊಳ್ಳಲಾಗದ ಹೆಂಗಸರಿಗೆ, "ಖಾಸ್ ಬ್ಯಾಡಗಿ ಕಾಯಿ ಐತ್ರಿ, ತೊಟ್ಟ ಬಿಡಿಸಿದ್ದು, ಎಂ.ಕಾಂ. ಹುಡುಗಿ ಬಿಡಿಸ್ಯಾಳ" ಎಂದು ಮಾರಿದರು. ಎರಡು ತಾಸಿನಲ್ಲಿ ಚೀಲ ಖಾಲಿ. ನನ್ನ ಡಿಗ್ರಿಗೆ ಅದಕ್ಕಿಂತ ಒಳ್ಳೆಯ ಬೆಲೆ ಆಮೇಲೂ ಬಂದಿಲ್ಲ.

ಆರು ಸಾವಿರದ ನಾನೂರ ಎಂಬತ್ತು ಬಂತು. ಕೊನೆಯ ದಿನಕ್ಕೆ ಒಂದು ದಿನ ಮೊದಲೇ ಫೀ ಕಟ್ಟಿದೆ. ನಾನೂರ ಎಂಬತ್ತು ಲಾಭ ಎಂದು ಗೆಳತಿಯ ಮುಂದೆ ಎದೆಯುಬ್ಬಿಸಿದೆ. ಅವಳು ಮೂಗು ಒರೆಸಿಕೊಂಡಳು.

ಮರುದಿನ ಮನೆಗೆ ಹೋದೆ. ಅಪ್ಪ ಇನ್ನೂ ಅಂಗಡಿಯಲ್ಲಿದ್ದ. ಅವ್ವ ರೊಟ್ಟಿ ಬಡಿಯಲು ಕುಳಿತಳು. "ರೊಟ್ಟಿ ಬ್ಯಾಡವ್ವಾ, ಅನ್ನ ಸಾಕು" ಎಂದೆ. ಬಿಸಿ ಅನ್ನದ ಮೇಲೆ ಸಾರು ಬಿತ್ತು. ನಾನು ಎದ್ದು ಹೋಗಿ ಸಕ್ಕರೆ ಡಬ್ಬಿಯಿಂದ ಚಮಚ ತಂದೆ.

"ಯಾವಾಗಿಂದ ಚಮಚಾದ ಮಂದಿ ಆದಿ?"

"ಹಾಸ್ಟೆಲ್‌ನ್ಯಾಗ ರೂಢಿ ಆಗೇತಿ."

"ಹೋದ ತಿಂಗಳ ಬಂದಾಗ ಇರಲಿಲ್ಲಲ್ಲ ರೂಢಿ?"

ನನ್ನ ಕೈ ಹಿಡಿದು ಬೆರಳುಗಳನ್ನು ದೀಪದ ಕಡೆ ತಿರುಗಿಸಿದಳು. ಮೂಸಬೇಕಾಗಿಯೂ ಇರಲಿಲ್ಲ, ಆದರೂ ಮೂಸಿದಳು. ಆಮೇಲೆ ಒಂದೇ ಮಾತು ಕೇಳಿದಳು: "ಎಷ್ಟ ಕಿಲೋ?"

ಎಲ್ಲ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಕೊಬ್ಬರಿ ಎಣ್ಣೆ ತಂದು ಒಂದೊಂದೇ ಬೆರಳಿಗೆ ಹಚ್ಚಿದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಅವಳು ನನ್ನಿಂದ ಕೇಳಿದ್ದು ಒಂದೇ ಒಂದು ಮಾತು, ಅದನ್ನೇ ಮುರಿದಿದ್ದೆ.

"ತಗೊಳ್ಳೂವಾಗ ಕಾಯಿ ಕಿವಿ ಹತ್ರ ಹಿಡದು ಅಲ್ಲಾಡ್ಸಿ ನೋಡಿದ್ಯೇನು?"

"ಇಲ್ಲ."

"ಒಳಗ ಬೀಜ ಗಲಗಲ ಅನಬೇಕು. ಅನಲಿಲ್ಲಂದ್ರ ಹಸಿ ಇರತೈತಿ. ನೀ ನಾಕ ಕಿಲೋ ನೀರಿಗೆ ರೊಕ್ಕಾ ಕೊಟ್ಟು ಬಂದಿ." ಹೇಳುತ್ತ ಹೇಳುತ್ತ ಅವಳ ತುಟಿಯ ಮೂಲೆಯಲ್ಲಿ ನಗೆ ಬಂತು. "ಬ್ಯಾಡಗ್ಯಾಗ ಹುಟ್ಟಿ!"

ಸ್ವಲ್ಪ ಧೈರ್ಯ ಬಂದು, ಆದರೂ ನಾನೂರ ಎಂಬತ್ತು ಲಾಭವಾಯಿತು ಎಂದೆ.

"ಬಸ್ಸಿಗೆ, ಆಟೋಕ್ಕ ಕೊಟ್ಟಿದ್ದು?"

"ನೂರಾ ಐವತ್ತು."

"ಕೂಲಿ?"

"ಯಾವ ಕೂಲಿ? ನಾವ ಬಿಡಿಸಿದ್ವಿ."

"ನೀವ ಬಿಡಿಸಿದ್ರ ಅದು ಕೂಲಿ ಅಲ್ಲೇನು? ಕಿಲೋಕ್ಕ ಹತ್ತು. ಇಪ್ಪತ್ತನಾಕ ಕಿಲೋಕ್ಕ ಇನ್ನೂರಾ ನಲವತ್ತು. ಅದನ್ನ ತೆಗದ ಮ್ಯಾಲೆ ಲಾಭ. ತೊಂಬತ್ತ ರೂಪಾಯಿ ಉಳೀತು. ಎರಡ ತಿಂಗಳ ಹಾಸ್ಟೆಲ್ಲೆಲ್ಲಾ ಸೀನಿದ್ದಕ್ಕ ತೊಂಬತ್ತ ರೂಪಾಯಿ! ಎಂ.ಕಾಂ.ನ್ಯಾಗ ಇದನ್ನ ಹೇಳಿಲ್ಲೇನು?"

ಹೇಳಿದ್ದರು. ನಾನು ಆ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದು ಒಳ್ಳೆಯ ಅಂಕವನ್ನೂ ತಗೊಂಡಿದ್ದೆ. ಅವ್ವ ನನ್ನ ಪರ್ಸಿನಿಂದ ಇನ್ನೂರ ನಲವತ್ತು ಎಣಿಸಿ ತೆಗೆದು, ಎರಡು ಪಾಲು ಮಾಡಿ, ನೆಲದ ಮೇಲಿಟ್ಟಳು. "ಇದು ನಿನ್ನ ಗೆಳತೀದು, ಮೊದಲ ಮುಟ್ಟಿಸು. ಇದು ನಿಂದು."

ಮೂರು ಸಂಜೆ. ಉರಿದ ಹತ್ತು ಬೆರಳು. ನೂರಾ ಇಪ್ಪತ್ತು ರೂಪಾಯಿ. ಬಾಯಿಂದ ಮಾತು ತಾನಾಗಿಯೇ ಬಂತು: "ಇಷ್ಟ ಏನವ್ವಾ?"

"ಇಷ್ಟ" ಎಂದಳು. "ಅದಕ್ಕ ಮುಟ್ಟಬ್ಯಾಡ ಅಂದಿದ್ದೆ."

ನನ್ನ ಬಿಸಿ ಅನ್ನದ ತಾಟನ್ನು ಆಚೆ ಸರಿಸಿ, ಬೆಳಗಿನ ತಣ್ಣನೆಯ ಅನ್ನಕ್ಕೆ ಮೊಸರು ಕಲಸಿ ಮುಂದಿಟ್ಟಳು. "ಉರಿ ಇರೂತನಾ ಬಿಸೀದು ಮುಟ್ಟಬಾರ್ದು. ಇದನ್ನ ಉಣ್ಣು." ತನಗೂ ಅದನ್ನೇ ಹಾಕಿಕೊಂಡಳು.

ನಾನು ಅವಳ ತಾಟನ್ನು ನೋಡಿದೆ. ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೆ ಅದನ್ನು.

"ಅವ್ವಾ, ನಿಂಗ ಬಿಸೀದು ಸೇರೂದಿಲ್ಲಂತ..."

"ನಾ ಎಲ್ಲಿ ಅಂದೇನಿ? ನೀವ ಅಂತಿದ್ರಿ."

ತಂಗಳ ಮಹಾರಾಣಿ ಎಂದು ನಕ್ಕ ಸಲಗಳನ್ನೆಲ್ಲ ನೆನೆದು ನಾಚಿಕೆಯಾಯಿತು. ಅವ್ವ ಮಾತ್ರ ಸಮಾಧಾನವಾಗಿ ಉಣ್ಣುತ್ತ, ಆ ಸರ್ ಎರಡು ಕಿಲೋಕ್ಕೆ ಎಷ್ಟು ಚೌಕಾಸಿ ಮಾಡಿದರು ಎಂದು ಕೇಳಿ ಕೇಳಿ ನಕ್ಕಳು.

ಗೆಳತಿಯ ಪಾಲನ್ನು ಅವಳಿಗೆ ಮುಟ್ಟಿಸಿದೆ. ಅವಳು ಅದನ್ನು 'ಜ್ವರ'ದ ಡಬ್ಬಿಗೆ ಹಾಕಿದಳು. ನನ್ನ ನೂರಾ ಇಪ್ಪತ್ತನ್ನು ಜೋಪಾನವಾಗಿ ಎತ್ತಿಟ್ಟೆ ಎಂದು ಬರೆದರೆ ಚೆಂದ ಕಾಣುತ್ತಿತ್ತು, ಆದರೆ ನಾನು ಹಾಗೆ ಎತ್ತಿಡುವವಳಲ್ಲ. ಪರೀಕ್ಷೆ ಮುಗಿಸಿ ಬರುವಾಗ ಹಾವೇರಿಯ ಪಾತ್ರೆ ಅಂಗಡಿಯಲ್ಲಿ ಅವ್ವನಿಗೊಂದು ಗಟ್ಟಿ ಸ್ಟೀಲಿನ ಚಮಚ ಕೊಂಡೆ. ಇನ್ನು ಮೇಲೆ ಬಿಸಿಯದನ್ನೇ ಉಣ್ಣಬೇಕೆಂದು ಆಜ್ಞೆ ಮಾಡಿ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ಕೊಟ್ಟೆ ಎಂದು ಕೇಳಿ, ಮೋಸ ಹೋದೆ ಎಂದು ಹೇಳಿ, ಉಪ್ಪಿನಕಾಯಿ ಭರಣಿಗೆ ಹಾಕಿದಳು. ಈಗಲೂ ಅದು ಅಲ್ಲೇ ಇದೆ. ಅವ್ವ ಉಣ್ಣುವುದು ಕೈಯಲ್ಲೇ, ಎಲ್ಲ ಆರಿದ ಮೇಲೆ.